ಭಾವನ ಕಾರಿನ ಹಿಂದಿನ ಗಾಲಿ

ನಾಲ್ಕು ನಿಂಬೆಹಣ್ಣುಗಳಲ್ಲಿ ಮೂರು ಒಡೆದವು. ನಾಲ್ಕನೆಯದು ಬಲಗಡೆಯ ಹಿಂದಿನ ಗಾಲಿಯ ಕೆಳಗಿನಿಂದ ಪುಟಿದು, ಉರುಳುತ್ತ ಹೋಗಿ ಹೂವು ಮಾರುವವಳ ಬುಟ್ಟಿಯ ಬಳಿ ನಿಂತಿತು. ಕುರುಗೋಡಿನ ಬಸವೇಶ್ವರ ಗುಡಿಯ ಮುಂದೆ, ಮನೆಗೆ ಬಂದ ಕಾರಿಗೆ ಪೂಜೆ ನಡೆದಿತ್ತು. ಸ್ಟೇರಿಂಗ್ ಹಿಡಿದು ಕೂತವರು ನನ್ನ ಅಕ್ಕನ ಗಂಡ. ಪಕ್ಕದಲ್ಲಿ ಅವರ ಮಗ. ಅಕ್ಕ ಮತ್ತು ನಾನು ಹೊರಗೆ ನಿಂತಿದ್ದೆವು.

‘ಲೇ ತಮ್ಮಾ, ಒಂದು ಒಡೀಲಿಲ್ಲ ನೋಡು,’ ಎಂದು ಅಕ್ಕ ನನ್ನ ತೋಳು ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

‘ಇನ್ನೊಂದು ಇಟ್ರಾತು ಬಿಡ್ರೆವ್ವಾ,’ ಎಂದರು ಪೂಜಾರಿ. ಇನ್ನೊಂದು ಹಣ್ಣು ಇಟ್ಟರು. ಅದು ಒಡೆಯಿತು. ಮೊದಲ ಸಲ ಎದುರಿಗೆ ಬಸ್ಸೊಂದು ನಿಂತಿದ್ದರಿಂದ ಭಾವ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿಕೊಂಡು ಹೊರಟಿದ್ದರು. ಎರಡನೆಯ ಸಲ ಬಸ್ಸು ಹೋಗಿತ್ತು, ಕಾರು ನೆಟ್ಟಗೆ ಹೊರಟಿತು. ಈ ವ್ಯತ್ಯಾಸವನ್ನು ನಾನು ನೋಡಿದ್ದೆ. ನೋಡಿದ್ದು ಮುಖ್ಯ ಅನಿಸಲಿಲ್ಲ. ನಮ್ಮ ಕಡೆ ಒಡೆಯದ ನಿಂಬೆಹಣ್ಣಿಗೆ ಒಂದೇ ಅರ್ಥ, ಆ ಅರ್ಥವನ್ನು ಅಕ್ಕ ಆಗಲೇ ಮಾಡಿಕೊಂಡಾಗಿತ್ತು.

ಬಳ್ಳಾರಿಯಲ್ಲಿ ಪತ್ರಿಕೆಯ ವರದಿಗಾರನಾಗಿ ಕೆಲಸ ಮಾಡುತ್ತ ನನಗೆ ಒಂದು ರೂಢಿ ಬಿದ್ದಿದೆ. ಅಪಘಾತವಾದಲ್ಲಿ ಮೊದಲು ಜನರನ್ನು ಕೇಳುವುದಿಲ್ಲ, ರಸ್ತೆಯನ್ನು ನೋಡುತ್ತೇನೆ. ಗಾಲಿ ಉಜ್ಜಿದ ಗುರುತು, ಗಾಜಿನ ಚೂರು, ಚಪ್ಪಲಿ ಬಿದ್ದ ಜಾಗ. ಜನ ಆಮೇಲೆ. ಇಷ್ಟಿದ್ದೂ ಮನೆಯ ವಿಷಯ ಬಂದಾಗ ನಾನೂ ಜನರನ್ನೇ ಕೇಳುತ್ತ ಹೋದೆ.

ಭಾವನಿಗೆ ಎಪ್ಪತ್ತು ಸಮೀಪ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅದನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಭಾವ ಹರೆಯದಲ್ಲಿ ಟ್ರ್ಯಾಕ್ಟರ್ ಹೊಡೆದವರು, ಭತ್ತದ ಲಾರಿಯನ್ನು ತಾವೇ ಹೊಡೆದುಕೊಂಡು ರಾಯಚೂರಿಗೆ ಹೋಗಿಬಂದವರು, ಆಮೇಲೆ ಒಂದು ಜೀಪನ್ನು ಅದರ ತಗಡು ತೂತಾಗುವವರೆಗೆ ಓಡಿಸಿದವರು. ಊರಿನಲ್ಲಿ ಯಾರಾದರೂ ಗಾಡಿಯನ್ನು ಇಕ್ಕಟ್ಟಿನಲ್ಲಿ ಸಿಕ್ಕಿಸಿಕೊಂಡರೆ ಭಾವನಿಗೆ ಕರೆ ಬರುತ್ತಿತ್ತು. ಇವರು ಹೋಗಿ, ಹೆಗಲ ಮೇಲಿನ ಟವೆಲನ್ನು ಸೀಟಿನ ಮೇಲೆ ಹಾಕಿ ಕೂತು, ಒಂದೆರಡು ಸಲ ಹಿಂದೆ ಮುಂದೆ ಮಾಡಿ ಹೊರಗೆ ತೆಗೆದುಕೊಡುತ್ತಿದ್ದರು. ‘ಹಿಂದಿನ ಗಾಲಿ ದನದ ಹಿಂದ ಕರು ಬಂದಂಗ ಬರತೈತಿ. ಮುಂದಿನದು ನೋಡ್ಕೊಂಡ್ರ ಸಾಕು,’ ಎನ್ನುವುದು ಅವರ ಪಾಠ. ನನಗೆ ಗಾಡಿ ಕಲಿಸಿದಾಗಲೂ ಇದನ್ನೇ ಹೇಳಿದ್ದರು.

ಕಾರನ್ನು ಮಗ ಹೈದರಾಬಾದಿನಿಂದ ತಂದಿದ್ದ. ವಿದೇಶಿ ಕಂಪನಿಯದು, ಒಬ್ಬರು ಬಳಸಿ ಬಿಟ್ಟದ್ದು, ನಮ್ಮ ಓಣಿಗಳಿಗೆ ತುಸು ಹೆಚ್ಚೇ ಉದ್ದವಾಗುವಂಥದ್ದು. ಅಪ್ಪನಿಗೆ ಖುಷಿಯಾಗಲಿ ಎಂದು ತಂದಿದ್ದ. ಕೀ ಕೊಟ್ಟಾಗ ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಓಡಿಸಿ ನೋಡಿದ ಮೊದಲ ದಿನವೇ ‘ಇದರ ಹಿಂಭಾಗ ಯಾಕೋ ಜಾರತೈತಿ’ ಎಂದರು. ಮಗ ನಕ್ಕ. ‘ಅಪ್ಪಾಜಿ, ಜೀಪಿನ ರೂಢಿ ನಿಮಗ. ಇದು ಮೆತ್ತಗೈತಿ, ಅದಕ್ಕ ಹಂಗನಸತೈತಿ.’

ಪೂಜೆಯಾದ ಮುಂದಿನ ವಾರ ಅವರೆಲ್ಲ ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಗೆ ಊಟಕ್ಕೆ ಬಂದರು. ಹೊರಡುವಾಗ ಭಾವನೇ ಕಾರು ತೆಗೆದರು. ನಮ್ಮ ಗೇಟಿಗೆ ಅಂಟಿಕೊಂಡೇ ಪಕ್ಕದ ಮನೆಯ ಕಟ್ಟೆ ಇದೆ. ಅಲ್ಲಿ ಪಕ್ಕದ ಮನೆಯ ಅಮ್ಮ ಕಾಲು ಇಳಿಬಿಟ್ಟುಕೊಂಡು ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಭಾವ ಬಲಕ್ಕೆ ತಿರುಗಿಸಿ ಮೆಲ್ಲಗೆ ಮುಂದೆ ಹೋದರು. ಮೂತಿ ಸರಿಯಾಗಿ ಹೋಯಿತು. ಹಿಂಭಾಗ ಎಡಕ್ಕೆ ತಳ್ಳಿದಂತೆ ಬಂದು ಕಟ್ಟೆಯ ಕಲ್ಲಿಗೆ ಉಜ್ಜಿತು. ಆಕೆ ಮೇಲಕ್ಕೆ ಎಳೆದುಕೊಂಡಿದ್ದರಿಂದ ಕಾಲು ಉಳಿದವು.

ಆಕೆಯ ಮಡಿಲಿನ ಹೂವೆಲ್ಲ ಓಣಿಯಲ್ಲಿ ಚೆಲ್ಲಿದ್ದವು.

ಭಾವ ಇಳಿದು ಬಂದು ಮೊದಲು ಆಕೆಯ ಪಾದ ನೋಡಿದರು. ಆಮೇಲೆ ಕಲ್ಲನ್ನು, ಆಮೇಲೆ ಕಾರನ್ನು. ಆಕೆಗೆ ಕೈ ಮುಗಿದರು. ‘ತಾಯೀ, ತಪ್ಪಾತು. ಹಿಂದಿನ ಗಾಲಿ ತಾನ ತಿರುಗಿ ಬಂತ್ರಿ.’

‘ಗಾಲಿ ತಾನ ಹೆಂಗ ತಿರುಗತಾವ್ರೀ ಯಜಮಾನ್ರ?’ ಎಂದರು ಆಕೆ, ಕಾಲನ್ನು ಇನ್ನೂ ಕೆಳಗಿಳಿಸದೆ.

ಹಿಂದಿನ ಗಾಲಿಯೂ ಮುಂದಿನದರಂತೆ ಪಕ್ಕಕ್ಕೆ ತಿರುಗುವ ಕಾರನ್ನು ನಾವು ಕಂಡಿರಲಿಲ್ಲ, ಕೇಳಿರಲಿಲ್ಲ. ಭಾವ ಮಾತ್ರ ಅದನ್ನೇ ಹೇಳುತ್ತಿದ್ದರು. ಹಿಂದಿನ ಅಚ್ಚು ಮುರಿದಿದೆ, ಗಾಲಿ ಸಡಿಲವಾಗಿದೆ, ಅದಕ್ಕೇ ಹೀಗಾಗುತ್ತಿದೆ ಎಂದು.

ಮರುದಿನ ಕಾರನ್ನು ಬಳ್ಳಾರಿಯ ಒಂದು ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಎಂಜಿನ್ ಬಂದ್ ಮಾಡಿಸಿ, ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಹಿಂದಿನ ಎರಡೂ ಗಾಲಿಗಳನ್ನು ಹಿಡಿದು ಮೈಭಾರವೆಲ್ಲ ಹಾಕಿ ಅಲ್ಲಾಡಿಸಿದ. ಅವು ಅಲ್ಲಾಡಲಿಲ್ಲ. ಬ್ಯಾಟರಿ ದೀಪ ಹಿಡಿದು ಅಡಿಯಲ್ಲಿ ನೋಡಿದ.

‘ಬಂಡೆ ಇದ್ದಂಗ ಅದಾವ ಸಾಬ್. ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ,’ ಎಂದ. ಅವನು ಕಂಡದ್ದನ್ನೇ ಹೇಳಿದ. ಎಂಜಿನ್ ಓಡದೆ ಆ ಗಾಲಿಗಳು ತಿರುಗುವುದಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಹೀಗೆ ಕಾರು ನೆಟ್ಟಗಿದೆ ಎಂದಾಯಿತು. ಉಳಿದದ್ದು ಭಾವನ ತಲೆ.

ಮಗ ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣು ಮುಚ್ಚಿ ನಿಲ್ಲಿಸಿದರು, ಗೆರೆಯ ಮೇಲೆ ನಡೆಸಿದರು. ಎಲ್ಲ ವಯಸ್ಸಿಗೆ ತಕ್ಕಂತೆ ಇದೆ ಎಂದರು ಡಾಕ್ಟರು. ಆ ಮಾತನ್ನು ಭಾವ ಒಂದು ಥರ ತಿಳಿದುಕೊಂಡರು, ಮಗ ಇನ್ನೊಂದು ಥರ. ಆ ದಿನದಿಂದ ಕೀ ಮಗನ ಜೇಬಿಗೆ ಹೋಯಿತು. ಮನೆಯಲ್ಲಿದ್ದ ಹಳೆ ಜೀಪಿನ ಕೀಯೂ ಗೋಡೆಯ ಮೊಳೆಯಿಂದ ಮಾಯವಾಯಿತು.

ಸಿರುಗುಪ್ಪ ದೊಡ್ಡ ಊರೇನಲ್ಲ. ಗಿರಣಿಯಲ್ಲಿ ಚೀಲ ಹೊರುವ ಹಮಾಲರು ಚಹಾ ಕುಡಿಯುತ್ತ ಆಡಿದ್ದನ್ನು ನಾನೇ ಕೇಳಿದೆ. ‘ಧಣೇರ ಕಾರು ಸೊಂಟ ಕುಣಸತೈತಂತಲೇ!’ ‘ಕಾರಲ್ಲೋ, ಧಣೇರ ಕಣ್ಣು ಕುಣೀತಾವ.’ ಭಾವ ಒಳಗೆ ತಕ್ಕಡಿಯ ಹತ್ತಿರ ಕೂತಿದ್ದರು, ಅವರಿಗೂ ಕೇಳಿಸಿರಬೇಕು. ಅವರು ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟರು. ಮಗ ಕರೆದೊಯ್ಯುತ್ತೇನೆಂದರೂ ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ‘ನಾನೇನು ಚೀಲೇನು, ಹೇರಿಕೊಂಡು ಹೋಗಾಕ?’ ಎಂದರು.

ಮಗ ನನಗೆ ಫೋನು ಮಾಡಿದ. ‘ಮಾಮ, ನೀವು ಹೇಳಿದ್ರ ಕೇಳ್ತಾರ. ಇನ್ನು ಗಾಡಿ ಹೊಡಿಯೋದು ಸಾಕು ಅಂತ ಒಂದ್ ಮಾತು ಹೇಳ್ರಿ. ನಾಳಿ ಯಾರದರ ಕಾಲು ಹೋದ್ರ ನಾನು ಯಾರಿಗೆ ಮುಖ ತೋರಿಸ್ಲಿ?’

ಅವನ ದನಿಯಲ್ಲಿ ಅಧಿಕಾರವಿರಲಿಲ್ಲ, ಹೆದರಿಕೆ ಇತ್ತು. ‘ಬಂದು ನೋಡ್ತೀನಿ, ಆಮ್ಯಾಲೆ ಹೇಳ್ತೀನಿ,’ ಎಂದೆ.

ರವಿವಾರ ಬೆಳಿಗ್ಗೆ ಸಿರುಗುಪ್ಪಕ್ಕೆ ಹೋದೆ. ಗಿರಣಿಯ ಹಿಂದೆ ಅಗಲವಾದ ಅಂಗಳವಿದೆ. ಬಾಯ್ಲರಿನಲ್ಲಿ ಉರಿಸಿದ ಹೊಟ್ಟಿನ ಬೂದಿಯನ್ನು ನೀರು ಹಾಕಿ ಅಲ್ಲಿ ಹರಡುತ್ತಾರೆ. ಕರಿ ಹಾಸಿನಂತೆ ಇರುತ್ತದೆ. ಕೋಳಿ ಓಡಾಡಿದರೂ ಹೆಜ್ಜೆ ಮೂಡುತ್ತದೆ.

ಭಾವನ ಮುಖ ಇಳಿದಿತ್ತು. ‘ಬಂದೇನಪಾ, ಪೇಪರಿನವ್ನ? ನನಗ ಹುಚ್ಚು ಹಿಡದೈತಿ ಅಂತ ಬರ್ಕೊಂಡು ಹೋಗಾಕ ಬಂದೀ?’

‘ಇಲ್ಲ ಭಾವ. ಕಾರು ಹೊಡೀರಿ. ನಾ ಹೊರಗ ನಿಂತು ನೋಡ್ತೀನಿ.’

‘ಕೀ ಕೇಳು ಅವನ್ನ. ನಾ ಕೇಳಂಗಿಲ್ಲ.’

ಮಗ ಮನಸ್ಸಿಲ್ಲದೆ ಕೀ ಕೊಟ್ಟ. ‘ಅಂಗಳದೊಳಗ ಅಷ್ಟ, ಮಾಮ,’ ಎಂದು ಗಿರಣಿಯೊಳಕ್ಕೆ ಹೋದ.

ಅಲ್ಲಿಯವರೆಗೆ ನಾನು ಆ ಕಾರನ್ನು ಒಳಗೆ ಕೂತು ನೋಡಿದ್ದೆ, ಇಲ್ಲವೇ ಎದುರು ನಿಂತು ನೋಡಿದ್ದೆ. ಒಳಗಿದ್ದವನಿಗೆ ಹಿಂದಿನ ಗಾಲಿ ಕಾಣುವುದಿಲ್ಲ. ಹೊರಗಿದ್ದವನು ಮುಂದಿನ ಗಾಲಿಯನ್ನೇ ನೋಡುತ್ತಾನೆ, ಯಾಕೆಂದರೆ ತಿರುಗುವುದು ಅದು ತಾನೇ. ಈ ಸಲ ಹಿಂದಿನ ಗಾಲಿಯಿಂದ ತುಸು ದೂರ, ಬೂದಿಯ ಮೇಲೆ ಕುಕ್ಕರುಗಾಲಲ್ಲಿ ಕೂತೆ. ‘ಬಲಕ್ಕ ಪೂರ್ತಿ ತಿರುಗಿಸಿ ಮೆಲ್ಲಕ ಬರ್ರಿ,’ ಎಂದು ಕೂಗಿದೆ.

ಎಂಜಿನ್ ಚಾಲೂ ಆಯಿತು. ಮುಂದಿನ ಗಾಲಿ ಬಲಕ್ಕೆ ತಿರುಗಿತು. ನನ್ನ ಕಣ್ಣೆದುರಿನ ಹಿಂದಿನ ಗಾಲಿ, ಯಾರೂ ಮುಟ್ಟದೆ, ಎಡಕ್ಕೆ ಹೊರಳಿತು.

ಹೆಚ್ಚಲ್ಲ, ಸ್ವಲ್ಪ. ಮಲಗಿದವನು ನಿದ್ದೆಯಲ್ಲಿ ಪಾದ ಹೊರಳಿಸುವಷ್ಟು. ಆದರೆ ಹೊರಳಿದ್ದು ಖಂಡಿತ. ಎಷ್ಟೋ ಅಪಘಾತಗಳನ್ನು ನೋಡಿ ಬರೆದಿದ್ದೇನೆ. ಆ ಬೆಳಿಗ್ಗೆ ಮಾತ್ರ ನಿಲ್ಲಿಸಿರಿ ಎಂದು ಕೂಗುವುದನ್ನೂ ಮರೆತೆ. ಎದ್ದು ಹಿಂದೆ ಸರಿದವನು ಬೂದಿಯಲ್ಲಿ ಕುಂಡೆಯೂರಿ ಬಿದ್ದೆ.

‘ಕಂಡ್ಯಾ?’ ಎಂದರು ಭಾವ ಕಿಟಕಿಯಿಂದ ತಲೆ ಹೊರಹಾಕಿ.

‘ಕಂಡೆ.’

‘ಏನ್ ಕಂಡಿ, ಹೇಳು.’

‘ತಿರುಗಿತು ಭಾವ. ಹಿಂದಿನದು. ಉಲ್ಟಾ ತಿರುಗಿತು.’

ಅವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಹಾಗೇ ಕೂತರು.

ಬೂದಿಯ ಮೇಲೆ ಗುರುತು ಸ್ಪಷ್ಟವಾಗಿತ್ತು. ಎಲ್ಲ ಗಾಡಿಯಲ್ಲೂ ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನದರ ಒಳಗಿನಿಂದ ಹಾಯುತ್ತದೆ. ಇಲ್ಲಿ ಹೊರಟ ಜಾಗದಲ್ಲೇ ಹಿಂದಿನ ಗೆರೆ ಹೊರಕ್ಕೆ ಬಾಗಿ, ಆಮೇಲೆ ಮುಂದಿನ ಗೆರೆಯ ಹತ್ತಿರವೇ ಹಿಂಬಾಲಿಸಿತ್ತು. ಮಗನನ್ನು ಕರೆಸಿದೆ. ಅವನು ಮೊದಲು ಗುರುತು ನೋಡಿದ. ನಂಬಲಿಲ್ಲ. ನಾನು ಕೂತಲ್ಲೇ ಅವನನ್ನೂ ಕೂರಿಸಿ ಇನ್ನೊಮ್ಮೆ ತಿರುಗಿಸಲು ಹೇಳಿದೆ. ಗಾಲಿ ಹೊರಳಿತು. ಅವನು ಎದ್ದು ಕಾರಿನ ಬಾಗಿಲಿಗೆ ಓಡಿದ.

‘ಅಪ್ಪಾಜಿ, ಇಳೀರಿ, ಇಳೀರಿ ಮೊದಲು! ಅಚ್ಚು ಮುರದೈತಿ!’

‘ನಾ ಇದನ್ನ ಹೇಳಿದ್ದಿಲ್ಲೇನಲೇ?’ ಎಂದರು ಭಾವ, ಇಳಿಯದೆ.

ಅವನು ಹೈದರಾಬಾದಿನಲ್ಲಿ ಕಾರು ಕೊಡಿಸಿದ ಮನುಷ್ಯನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ತೆಲುಗಿನಲ್ಲಿ ಬೈಯಲು ಶುರುಮಾಡಿದ. ಆ ಕಡೆಯವನು ಬೈಗುಳೆಲ್ಲ ಮುಗಿಯುವವರೆಗೆ ಸುಮ್ಮನಿದ್ದು, ‘ಅದಿ ಫಾಲ್ಟ್ ಕಾದು ಸಾರ್, ಫೀಚರ್,’ ಎಂದ. ದೋಷವಲ್ಲ, ಅದರ ಗುಣವೇ ಹಾಗಂತೆ. ಕಾರಿನೊಳಗೊಂದು ಕಂಪ್ಯೂಟರ್ ಇದೆ. ಸ್ಟೇರಿಂಗ್ ಎಷ್ಟು ತಿರುಗಿತು, ವೇಗ ಎಷ್ಟು ಎಂದು ನೋಡಿಕೊಂಡು ಹಿಂದಿನ ಗಾಲಿಯನ್ನು ಅದೇ ತಿರುಗಿಸುತ್ತದೆ. ಮೆಲ್ಲಗೆ ಹೋಗುವಾಗ ಮುಂದಿನದಕ್ಕೆ ವಿರುದ್ಧವಾಗಿ ತಿರುಗಿಸುತ್ತದೆ, ಉದ್ದ ಕಾರು ಸಣ್ಣ ಜಾಗದಲ್ಲಿ ಹೊರಳಲಿ ಎಂದು. ಜೋರಾಗಿ ಹೋಗುವಾಗ ಮುಂದಿನದು ತಿರುಗಿದ ಕಡೆಗೇ ತಿರುಗಿಸುತ್ತದೆ, ಹಿಂಭಾಗ ಎಳೆದಾಡದಿರಲಿ ಎಂದು. ‘ಚೆಪ್ಪಲೇದಾ ಸಾರ್? ಮರ್ಚಿಪೋಯಾ,’ ಎಂದ. ಹೇಳಲು ಮರೆತನಂತೆ.

ಮಗ ಫೋನು ಕೆಳಗಿಳಿಸಿದ. ಕಾರಿನ ಕಿಟಕಿಯ ಬಳಿ ಹೋಗಿ, ಜೇಬಿನಿಂದ ಜೀಪಿನ ಕೀ ತೆಗೆದು ಅಪ್ಪನ ತೊಡೆಯ ಮೇಲಿಟ್ಟ. ಕಾರಿನ ಇನ್ನೊಂದು ಕೀಯನ್ನೂ ಇಟ್ಟ.

ಭಾವ ಗೆದ್ದವರಂತೆ ನಗಲಿಲ್ಲ. ‘ಅಚ್ಚು ಮುರದಿಲ್ಲ ಅಂದಂಗಾತು. ನಾ ಹೇಳಿದ್ದೂ ಸುಳ್ಳ,’ ಎಂದರು. ಸ್ವಲ್ಪ ಹೊತ್ತಿಗೆ, ‘ಒಂದು ವಿಷಯ ಕೇಳ್ತೀನಿ. ನಾ ಹೇಳಿದ್ದು ಯಾರಿಗೂ ಒಂದು ಗಳಿಗಿನೂ ನಿಜ ಅನಸಲಿಲ್ಲೇನು?’

ಅಕ್ಕ ಗಿರಣಿಯ ಬಾಗಿಲಲ್ಲಿ ಬಂದು ನಿಂತಿದ್ದಳು. ಸೆರಗು ಬಾಯಿಗೆ ಹೋಗಿತ್ತು. ‘ನಿಂಬಿಹಣ್ಣು ಹೇಳಿತ್ತಲ್ಲೋ ತಮ್ಮಾ,’ ಎಂದಳು ನನಗೆ. ‘ಗಾಲಿ ಹೊಳ್ಳಿದ್ದಕ್ಕ ಅದು ಹಾರಿತ್ತು. ನಾವು ಅಪಶಕುನ ಅಂತ ಅವ್ರನ್ನ ಮನ್ಯಾಗ ಕೂಡಿಸಿಬಿಟ್ವಿ.’

ಊಟವಾದ ಮೇಲೆ ಭಾವ ನನ್ನನ್ನು ಬಳ್ಳಾರಿಗೆ ತಾವೇ ಬಿಡುತ್ತೇನೆಂದರು. ಮಗ ಬೇಡವೆನ್ನಲಿಲ್ಲ. ಗೇಟಿನ ಹೊರಗೆ ಹಮಾಲರು ಎದ್ದು ನಿಂತರು. ಭಾವ ಬೇಕೆಂದೇ ಕಾರನ್ನು ಅವರ ಮುಂದೆ ಇಕ್ಕಟ್ಟಿನಲ್ಲಿ ಹೊರಳಿಸಿದರು. ‘ನೋಡ್ರಲೇ ಸೊಂಟ ಕುಣಸೋದು!’ ಎಂದು ಕೂಗಿದರು. ಹಮಾಲರು ಕೇಕೆ ಹಾಕಿದರು.

ದಾರಿಯುದ್ದಕ್ಕೂ ಭಾವ ಮಾತಾಡಿದರು. ತಿಂಗಳಿಂದ ಕಟ್ಟಿಟ್ಟ ಮಾತೆಲ್ಲ ಬಂತು. ಎರಡೂ ಕಡೆ ಕೊಯ್ಲು ಮುಗಿದ ಗದ್ದೆ. ರಸ್ತೆ ಖಾಲಿ ಇತ್ತು, ಕಾರು ಜೋರಾಗಿಯೇ ಓಡುತ್ತಿತ್ತು. ಕುರುಗೋಡಿಗೆ ಹೋಗುವ ದಾರಿ ಕೂಡುವ ಕ್ರಾಸ್ ಇನ್ನೂ ಮುಂದಿತ್ತು. ಎಡಗಡೆ ಕಾಲುವೆಯ ದಂಡೆಯಿಂದ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ರಸ್ತೆಗೆ ಏರಿ ಬರುತ್ತಿರುವುದನ್ನು ನಾನು ಕಂಡೆ. ಮನೆಯಷ್ಟು ಎತ್ತರದ ಹುಲ್ಲು, ದೂರದಿಂದಲೇ ಕಾಣುವಂಥದ್ದು. ಭಾವ ಬ್ರೇಕು ತುಳಿಯುತ್ತಾರೆಂದು ಕಾದೆ. ಅವರು ಮಾತಾಡುತ್ತಲೇ ಇದ್ದರು. ಟ್ರ್ಯಾಕ್ಟರಿನ ಮೂತಿ ಟಾರಿನ ಮೇಲೆ ಬಂತು. ಅವರು ಇನ್ನೂ ಮಾತಾಡುತ್ತಿದ್ದರು.

‘ಭಾವ!’ ಎಂದೆ.

ಅವರು ಆಗ ಕಂಡರು. ಸ್ಟೇರಿಂಗನ್ನು ಬಲಕ್ಕೆ ಎಳೆದರು, ತಕ್ಷಣ ಎಡಕ್ಕೆ. ಆ ವೇಗದಲ್ಲಿ ಹಾಗೆ ಎಳೆದ ಗಾಡಿಗಳು ಎಲ್ಲಿ ಬಿದ್ದಿರುತ್ತವೆ, ಹೇಗೆ ಬಿದ್ದಿರುತ್ತವೆ ಎಂದು ನನಗೆ ಗೊತ್ತು. ನೋಡಿ ಬರೆಯುವುದು ನನ್ನ ಕೆಲಸ. ಹಿಂಭಾಗ ಬೀಸಿಕೊಂಡು ಬರುವುದನ್ನು ಕಾಯುತ್ತ ಡ್ಯಾಶ್‌ಬೋರ್ಡ್ ಹಿಡಿದೆ. ಬೀಸಲಿಲ್ಲ. ಇಡೀ ಕಾರು, ಹಲಗೆಯೊಂದನ್ನು ಪಕ್ಕಕ್ಕೆ ಸರಿಸಿದಂತೆ, ಒಟ್ಟಾಗಿ ಬಲಕ್ಕೆ ಸರಿಯಿತು, ಒಟ್ಟಾಗಿ ಎಡಕ್ಕೆ ಬಂತು. ಹುಲ್ಲಿನ ಎಳೆಗಳು ಗಾಜಿಗೆ ಬಡಿದವು. ಅಷ್ಟೇ. ಟ್ರ್ಯಾಕ್ಟರ್ ಹಿಂದೆ ಉಳಿಯಿತು.

ಭಾವ ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಬಂದ್ ಮಾಡಿದರು. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

‘ಉಳಿಸಿದ್ದು ನಾನಲ್ಲ,’ ಎಂದರು.

‘ನೀವ ತಿರುಗಿಸಿದ್ದು, ಭಾವ.’

‘ತಿರುಗಿಸಿದ್ದು ನಾ. ಉಳಿಸಿದ್ದು ಹಿಂದಿನ ಗಾಲಿ. ಜೀಪಾಗಿದ್ರ ಇಬ್ಬರೂ ಗದ್ದ್ಯಾಗ ಬಿದ್ದಿರತಿದ್ವಿ.’ ನನ್ನ ಕಡೆ ತಿರುಗಿದರು. ‘ನಿನಗ ಟ್ರ್ಯಾಕ್ಟರ್ ಯಾವಾಗ ಕಂಡಿತು? ಸುಳ್ಳು ಹೇಳಬ್ಯಾಡ.’

‘ದಂಡಿ ಮ್ಯಾಲಿದ್ದಾಗ.’

‘ನನಗ ನೀ ಕೂಗಿದ ಮ್ಯಾಲೆ ಕಂಡಿತು.’

ಗಾಲಿಯ ವಿಷಯದಲ್ಲಿ ಅವರು ಹೇಳಿದ್ದೇ ನಿಜವಾಗಿತ್ತು. ಅವರಿಗೆ ವಯಸ್ಸಾಗಿದೆ ಎಂದು ಹೆದರಿದ ಮಗನ ಮಾತೂ ನಿಜವಾಗಿತ್ತು. ಒಂದು ಇನ್ನೊಂದನ್ನು ಅಳಿಸಿರಲಿಲ್ಲ. ಬೆಳಿಗ್ಗೆ ಬೂದಿಯ ಅಂಗಳದಲ್ಲಿ ನನ್ನನ್ನು ಬೀಳಿಸಿದ ಆಘಾತಕ್ಕಿಂತ ಇದು ದೊಡ್ಡದಾಗಿತ್ತು, ಯಾಕೆಂದರೆ ಇದರಲ್ಲಿ ಫೋನು ಹಚ್ಚಿ ಬೈಯಬಹುದಾದವರು ಯಾರೂ ಇರಲಿಲ್ಲ.

ಒಂದು ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಭಾವ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೀ ಕೈಗೆ ತೆಗೆದುಕೊಂಡು, ಅದನ್ನು ಒಮ್ಮೆ ನೋಡಿ, ನನ್ನ ಅಂಗೈಯಲ್ಲಿಟ್ಟರು.

‘ಹಿಡಿ. ಬೇಕಾದ್ರ ಅವನಿಗೆ ಹೇಳು. ಕಸಗೊಂಡಿದ್ರ ಸಾಯೋತನಕ ಕೊಡತಿದ್ದಿಲ್ಲ. ಈಗ ನಾನ ಕೊಡಾಕತ್ತೀನಿ.’

‘ಜೀಪು?’

‘ಜೀಪು ಗಿರಣಿ ಅಂಗಳದಾಗ ಹೊಡೀತೀನಿ. ಅಲ್ಲಿ ಬರೇ ಕೋಳಿ ಅದಾವ. ಅವಕ್ಕ ನನಗಿಂತ ಚಲೋ ಕಾಣತೈತಿ.’

ಅವರು ಇಳಿದು, ಕಾರನ್ನು ಸುತ್ತಿಕೊಂಡು ಬಂದರು. ಹಿಂದಿನ ಗಾಲಿಯ ಬಳಿ ಒಂದು ಗಳಿಗೆ ನಿಂತು ಅದನ್ನು ಚಪ್ಪಲಿಯಿಂದ ಮೆಲ್ಲಗೆ ತಟ್ಟಿದರು. ನಾನು ಬಲಗಡೆಯ ಸೀಟಿಗೆ ಸರಿದೆ. ಅವರು ಎಡಗಡೆ ಕೂತು, ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಬೆಲ್ಟು ಎಲ್ಲಿದೆ ಎಂದು ಅವರಿಗೆ ತಕ್ಷಣ ಸಿಗಲಿಲ್ಲ. ಆ ಕಡೆಯಿಂದ ಅದನ್ನು ಎಳೆದು ರೂಢಿಯಿರಲಿಲ್ಲ.

ಎಂಜಿನ್ ಚಾಲೂ ಮಾಡಿ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಮಣ್ಣಿನಿಂದ ರಸ್ತೆಗೆ ಏರಿಸಿದೆ. ನನ್ನ ಬೆನ್ನ ಹಿಂದೆ ಏನೋ ಎಡಕ್ಕೆ ಸರಿಯಿತು. ಕೂತ ಸೀಟಿನ ಅಡಿಯಿಂದ ನೆಲವನ್ನು ಒಂದು ಎಳೆ ಎಳೆದಂತೆ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

‘ಗೊತ್ತಾತಾ?’ ಎಂದರು ಭಾವ. ಅವರ ಮುಖದಲ್ಲಿ ತಿಂಗಳಿಂದ ನೋಡದ ನಗು ಇತ್ತು.

‘ಗೊತ್ತಾತು, ಭಾವ.’

‘ಹೊಡಿ ಮತ್ತ. ಮುಂದ ನೋಡ್ಕೊಂಡು.’